ನರ್ಸಿಂಗ್ ಓದುವ ಮುನ್ನ ಆಯಾ ಕೆಲಸವೇ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ಮೂರು ತಿಂಗಳಾಗಿದೆ, ಗ್ರೀನ್ ಕಾರ್ಡ್ ಕೈಯಲ್ಲಿದೆ, ಮುಂದಿನ ವರ್ಷ ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕುವ ಆಸೆಯಿದೆ ಎಂದಿದ್ದೀರಿ. ಅಷ್ಟರೊಳಗೆ ಸಿಎನ್‌ಎ ಆಗಿ, ಅಂದರೆ ನರ್ಸ್ ಸಹಾಯಕಿಯಾಗಿ ದುಡಿಯುವುದು ಅಗತ್ಯವೇ ಎಂದು ಕೇಳಿ, ಪದವಿ ಮುಗಿಸಿದವಳು ಆಯಾ ಕೆಲಸಕ್ಕೆ ಹೋಗುವುದೇ ಎಂದು ಮನೆಯವರು ನೊಂದುಕೊಂಡಿದ್ದಾರೆಂದೂ ಬರೆದಿದ್ದೀರಿ. 2011ರಲ್ಲಿ ನಾನು ಬಂದಾಗ ನನ್ನ ತಾಯಿಯೂ ಇದನ್ನೇ ಕೇಳಬಹುದೆಂಬ ಅಂಜಿಕೆಯಿಂದ, ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಒಂದು ವರ್ಷ ಸುಳ್ಳು ಹೇಳಿದೆ. ನೀವು ಹಾಗೆ ಮಾಡಬೇಡಿ.

ಈ ಅನುಭವ ಎಲ್ಲ ಕಡೆಯೂ ಕಡ್ಡಾಯವಲ್ಲ. ಕೆಲವು ಕಾಲೇಜುಗಳು ಪ್ರವೇಶಕ್ಕೆ ಸಿಎನ್‌ಎ ಪ್ರಮಾಣಪತ್ರ ಕೇಳುತ್ತವೆ, ಕೆಲವು ಅದಕ್ಕೆ ಹೆಚ್ಚುವರಿ ಅಂಕ ಕೊಡುತ್ತವೆ, ಉಳಿದವು ಅನಾಟಮಿ, ಮೈಕ್ರೋಬಯಾಲಜಿಯಂಥ ವಿಷಯಗಳಲ್ಲಿ ನೀವು ಪಡೆದ ಅಂಕಗಳನ್ನೇ ಮುಖ್ಯವಾಗಿ ನೋಡುತ್ತವೆ. ಸಂಬಳ ಕಡಿಮೆ, ಅದನ್ನು ನೆಚ್ಚಿ ಬರಬೇಡಿ. ಇಂಗ್ಲಿಷ್ ಉಚ್ಚಾರಣೆಯ ಚಿಂತೆಯೂ ಬೇಡ, ನಿಧಾನವಾಗಿ ಮಾತನಾಡಿದರೆ ಸಾಕು.

ತರಬೇತಿಯ ವಿಷಯ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. 1987ರ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆಗಳ ತರಬೇತಿ ಬೇಕು, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯುವುದಾಗಿರಬೇಕು. ರಾಜ್ಯಗಳು ಇದನ್ನು ಹೆಚ್ಚಿಸಬಹುದು, ಕ್ಯಾಲಿಫೋರ್ನಿಯಾದಲ್ಲಿ ಅದು 160 ಗಂಟೆ. ಆಮೇಲೆ ಪ್ರಶ್ನೋತ್ತರದ ಪರೀಕ್ಷೆಯ ಜೊತೆಗೆ ಪರೀಕ್ಷಕರ ಎದುರು ಕೆಲಸ ಮಾಡಿ ತೋರಿಸುವ ಪರೀಕ್ಷೆಯೂ ಇರುತ್ತದೆ. ಮೆಡಿಕೇರ್ ಅಥವಾ ಮೆಡಿಕೇಡ್ ಎಂಬ ಸರಕಾರಿ ಆರೋಗ್ಯ ವಿಮೆಗಳ ಮಾನ್ಯತೆಯಿರುವ ನರ್ಸಿಂಗ್ ಹೋಮ್ ನಿಮ್ಮನ್ನು ಮೊದಲೇ ಕೆಲಸಕ್ಕೆ ತೆಗೆದುಕೊಂಡಿದ್ದರೆ ಈ ತರಬೇತಿಗೆ ನಿಮ್ಮಿಂದ ಶುಲ್ಕ ಪಡೆಯುವಂತಿಲ್ಲ. ಇದು ಗೊತ್ತಿಲ್ಲದೆ ನಾನು ಕೈಯಿಂದ ಹಣ ಕಟ್ಟಿದೆ. ನರ್ಸಿಂಗ್ ಹೋಮ್ ಎಂದರೆ ಇಲ್ಲಿ ನಮ್ಮ ಕಡೆಯ ಸಣ್ಣ ಖಾಸಗಿ ಆಸ್ಪತ್ರೆಯಲ್ಲ, ದೀರ್ಘಕಾಲ ಆರೈಕೆ ಬೇಕಾದವರು, ಹೆಚ್ಚಾಗಿ ವೃದ್ಧರು, ವಾಸಿಸುವ ಜಾಗ. ಇನ್ನೊಂದು ಮಾತು, ಪ್ರಮಾಣಪತ್ರ ಪಡೆದು ಸತತ 24 ತಿಂಗಳು ಸಂಬಳಕ್ಕೆ ಈ ಕೆಲಸ ಮಾಡದೆ ಹೋದರೆ ಮತ್ತೆ ಹೊಸದಾಗಿ ಅರ್ಹತೆ ಪಡೆಯಬೇಕಾಗುತ್ತದೆ.

ಮೈ ತೊಳೆಯುವ ಕೆಲಸದಿಂದ ಏನು ಕಲಿಯುವುದಿದೆ ಎಂಬ ನಿಮ್ಮ ಮನೆಯವರ ಮಾತಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವಾಗ ಹಿಮ್ಮಡಿ ಮತ್ತು ಬೆನ್ನಿನ ಬುಡದ ಚರ್ಮ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ ಎಂದರ್ಥ, ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಆರಂಭವಾಗುತ್ತಿದೆ, ಕೂಡಲೇ ನರ್ಸ್‌ಗೆ ತಿಳಿಸಬೇಕು. ನಮ್ಮಂಥ ಕಂದು ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ, ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ನರ್ಸಿಂಗ್ ತರಗತಿಯಲ್ಲಿ ಈ ಪಾಠ ಬಂದಾಗ ಉಳಿದವರು ಚಿತ್ರ ನೋಡುತ್ತಿದ್ದರು, ನನ್ನ ಬೆರಳಿಗೆ ಅದು ಮೊದಲೇ ಗೊತ್ತಿತ್ತು. ಈ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ನಿಮಗೆ ನಿಜವಾಗಿ ಹೇಳಬೇಕಾದದ್ದು ಬೇರೆ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ಪಾರ್ಶ್ವವಾಯು ಬಡಿದು ನುಂಗುವ ಶಕ್ತಿ ಕುಂದಿದ್ದ ಒಬ್ಬ ವೃದ್ಧೆ ನನ್ನ ಪಾಳಿಯಲ್ಲಿದ್ದರು. ಅವರಿಗೆ ಕೊಡುವ ನೀರಿಗೂ ಪುಡಿ ಬೆರೆಸಿ ಮಂದ ಮಾಡಬೇಕಿತ್ತು, ತೆಳ್ಳಗಿನ ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿತ್ತು. ಆ ಮಂದ ನೀರು ಅವರಿಗೆ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರು ನನ್ನ ತೋಳು ಹಿಡಿದು, ಒಂದೇ ಒಂದು ಗುಟುಕು ಒಳ್ಳೆಯ ನೀರು ಕೊಡು ಎಂದು ಬೇಡಿದರು. ಬಾಯಾರಿ ಕೇಳಿದ ಹಿರಿಯರಿಗೆ ನೀರಿಲ್ಲ ಎನ್ನುವುದು ನಮ್ಮಂಥವರಿಂದ ಆಗುತ್ತದೆಯೇ, ನಿಮಗೇ ಗೊತ್ತು. ಕೊಟ್ಟೆ. ಎರಡನೆಯ ಗುಟುಕಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು, ದನಿ ತೊಯ್ದಂತೆ ಗೊರಗೊರ ಎಂದಿತು.

ನಾನು ಕರೆಗಂಟೆ ಒತ್ತಿದೆ, ನರ್ಸ್ ಓಡಿ ಬಂದರು. ಏನಾಯಿತು ಎಂದು ಕೇಳಿದಾಗ, ಇದ್ದಕ್ಕಿದ್ದಂತೆ ಕೆಮ್ಮಿದರು ಎಂದಷ್ಟೇ ಹೇಳಿದೆ. ಲೋಟ ಮೇಜಿನ ಮೇಲೇ ಇತ್ತು, ಅದನ್ನು ಟವೆಲಿನ ಹಿಂದಕ್ಕೆ ಸರಿಸಿದೆ. ಕೆಲಸ ಹೋದರೆ ಮುಂದೇನು ಎಂಬ ಭಯದಲ್ಲಿ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ತಡೆಯಲಾರದೆ ಹೋಗಿ ನಿಜ ಹೇಳಿದೆ. ನರ್ಸ್ ಗದರಲಿಲ್ಲ, ತಕ್ಷಣ ವೈದ್ಯರಿಗೆ ಫೋನ್ ಮಾಡಿದರು. ಮೂರನೆಯ ದಿನ ವೃದ್ಧೆಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಗುಣವಾಗಿ ಮರಳಿದರು, ಆದರೆ ಅಷ್ಟರಲ್ಲಿ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದರು, ಅವರ ಕ್ಷಮೆ ಕೇಳುವುದು ನನ್ನಿಂದಾಗಲೇ ಇಲ್ಲ. ನೀರು ಕೊಟ್ಟದ್ದು ಕರುಣೆಯಿಂದ ಮಾಡಿದ ತಪ್ಪು ಎಂದು ಮನಸ್ಸನ್ನು ಸಮಾಧಾನಪಡಿಸಬಲ್ಲೆ, ಆ ಹತ್ತು ನಿಮಿಷಕ್ಕೆ ಅಂಥ ಸಮಾಧಾನ ಇಂದಿಗೂ ಸಿಕ್ಕಿಲ್ಲ.

ಆದ್ದರಿಂದ ತಂಗಿ ಎಂದುಕೊಂಡು ಬರೆಯುತ್ತಿದ್ದೇನೆ, ಕನಿಷ್ಠ ಆರು ತಿಂಗಳು ಈ ಕೆಲಸ ಮಾಡಿ. ಪ್ರತಿ ಪಾಳಿಯ ಆರಂಭದಲ್ಲಿ ನಿಮ್ಮ ಪಾಲಿಗೆ ಬಂದ ಪ್ರತಿಯೊಬ್ಬರ ಆರೈಕೆಯ ಸೂಚನೆಯನ್ನು ಓದಿ, ನಿನ್ನೆ ಓದಿದ್ದರೂ ಮತ್ತೆ ಓದಿ. ಏನಾದರೂ ಎಡವಟ್ಟಾದರೆ ಲೋಟ ಕೈಯಲ್ಲಿರುವಾಗಲೇ ನರ್ಸ್‌ಗೆ ಹೇಳಿಬಿಡಿ. ಮನುಷ್ಯರ ಭಾರವನ್ನು ಒಬ್ಬರೇ ಎತ್ತಬೇಡಿ, ಬೆನ್ನು ಹೋದರೆ ನರ್ಸಿಂಗ್ ಓದುವುದೇ ಕಷ್ಟವಾದೀತು. ನಿಮ್ಮ ರಾಜ್ಯ ಅನುಮೋದಿಸಿದ ತರಬೇತಿಗಳ ಪಟ್ಟಿ ತರಿಸಿಕೊಂಡು, ಹತ್ತಿರದ ನರ್ಸಿಂಗ್ ಹೋಮಿಗೆ ಖುದ್ದಾಗಿ ಹೋಗಿ ವಿಚಾರಿಸಿ. ಮೊದಲ ವಾರ ಹೇಗೆ ಕಳೆಯಿತೆಂದು ನನಗೆ ಬರೆಯಿರಿ, ನಿಮ್ಮ ತಾಯಿಗೂ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ.