ಸಂಪಾದಕರ ಉತ್ತರ: ಮೆಣಸಿನಕಾಯಿ, ಮರೆವು ಮತ್ತು ಮಗಳ ಪಿಎಚ್.ಡಿ.

ಬ್ಯಾಡಗಿಯಿಂದ ಒಂದು ಪತ್ರ ಬಂದಿದೆ. ಬರೆದವರು ಮೆಣಸಿನಕಾಯಿ ವ್ಯಾಪಾರಸ್ಥರು, ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದ ಇದೆ. ಮುಖ್ಯ ಭಾಗ ಅವರ ಮಾತಿನಲ್ಲೇ ಕೊಡುತ್ತೇನೆ:

“ನಿಮ್ಮ ಹೊಸ ಸಂಶೋಧನೆಯ ಪುಟ ತಪ್ಪದ ಓದ್ತೀನ್ರಿ. ಒಂದ್ ಸಂಚಿಕ್ಯಾಗ ಮೆಣಸಿನಕಾಯಿ ತಿಂದವ್ರು ಜಾಸ್ತಿ ವರ್ಷ ಬದುಕ್ತಾರ ಅಂತ ಬಂತು. ಅಂಗಡಿಗೆ ಬಂದವ್ರಿಗೆಲ್ಲಾ ತೋರಿಸ್ದೆ. ಮುಂದಿನ ಸಂಚಿಕ್ಯಾಗ ಮೆಣಸಿನಕಾಯಿ ತಿಂದ್ರ ಮರೆವು ಬರ್ತದ ಅಂತ ಬಂತು. ಅದನ್ನ ಅವ್ರು ನನಗ ತೋರಿಸಿದ್ರು. ಯಾವ್ದು ನಂಬೂದು? ಇನ್ನೊಂದ್ ಮಾತು. ನನ್ನ ಮಗಳು ಎಂ.ಎ. ಮುಗಿಸ್ಯಾಳ. ಧಾರವಾಡದಾಗ ಶಾಸನದ ಮ್ಯಾಲೆ ಪಿಎಚ್.ಡಿ. ಮಾಡ್ತೀನಿ ಅಂತ ಹಟ ಹಿಡದಾಳ. ಔಷಧದ ಸಂಶೋಧನಿ ಆದ್ರ ನಾಕ್ ಮಂದಿಗೆ ಉಪಯೋಗ. ಕಲ್ಲು ಓದಿದ್ರ ಏನ್ ಬರ್ತದ್ರಿ?”

ಯಜಮಾನರೇ, ನಮಸ್ಕಾರ. ಎರಡೂ ಸುದ್ದಿಯನ್ನು ನಾವು ಬೇಕಂತಲೇ ಹಾಕಿದ್ದು. ಒಂದನ್ನು ಹಾಕಿ ಇನ್ನೊಂದನ್ನು ಬಚ್ಚಿಟ್ಟಿದ್ದರೆ ನಿಮ್ಮ ಅಂಗಡಿಯಲ್ಲಿ ಜಗಳ ಆಗುತ್ತಿರಲಿಲ್ಲ, ಅಷ್ಟೇ.

ಆಯಸ್ಸಿನ ಸುದ್ದಿ ಬಂದಿದ್ದು ಚೀನಾದ ಅಧ್ಯಯನದಿಂದ. 2015ರಲ್ಲಿ ಪ್ರಕಟವಾಯಿತು. 30ರಿಂದ 79 ವಯಸ್ಸಿನ ಸುಮಾರು 4 ಲಕ್ಷ 87 ಸಾವಿರ ಜನರನ್ನು ವಾರದಲ್ಲಿ ಎಷ್ಟು ದಿನ ಖಾರದ ಊಟ ಮಾಡುತ್ತೀರಿ ಅಂತ ಕೇಳಿದರು. ಆಮೇಲೆ ಏಳು ವರ್ಷದಷ್ಟು ಕಾಲ ಯಾರು ತೀರಿಕೊಂಡರು ಅಂತ ಲೆಕ್ಕ ಇಟ್ಟರು. ವಾರಕ್ಕೆ ಆರೇಳು ದಿನ ಖಾರ ತಿನ್ನುವವರಲ್ಲಿ ಸಾವಿನ ಪ್ರಮಾಣ, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಶೇ. 14ರಷ್ಟು ಕಡಿಮೆ ಇತ್ತು. 2019ರಲ್ಲಿ ಇಟಲಿಯಿಂದಲೂ ಇಂಥದ್ದೇ ಫಲಿತಾಂಶ ಬಂತು. ಅಲ್ಲಿ 22,811 ಜನರ ಲೆಕ್ಕ.

ಮರೆವಿನದೂ ಚೀನಾದ್ದೇ, ಅದೇ 2019ರದು. 55 ದಾಟಿದ 4,582 ಜನರನ್ನು 15 ವರ್ಷದ ಅವಧಿಯಲ್ಲಿ ನೋಡಿದರು. ದಿನಕ್ಕೆ 50 ಗ್ರಾಂಗಿಂತ ಜಾಸ್ತಿ ಮೆಣಸಿನಕಾಯಿ ತಿನ್ನುವವರಲ್ಲಿ ನೆನಪು ಕುಂದಿರುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು.

ಈಗ ಹೇಳಿ, ಇವೆರಡಕ್ಕೂ ಜಗಳ ಎಲ್ಲಿದೆ? ಒಂದರಲ್ಲಿ ಎಣಿಸಿದ್ದು ಸಾವು, ಇನ್ನೊಂದರಲ್ಲಿ ನೆನಪು. ಒಂದರಲ್ಲಿ ಕೇಳಿದ್ದು ಎಷ್ಟು ದಿನ, ಇನ್ನೊಂದರಲ್ಲಿ ಎಷ್ಟು ಗ್ರಾಂ. 50 ಗ್ರಾಂ ಅಂದರೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಅವರು ಹಸಿ, ಒಣ ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದಾರೆ. ಒಣ ಮೆಣಸಿನಕಾಯಿಯಲ್ಲೇ 50 ಗ್ರಾಂ ಅಂದರೆ ರೊಟ್ಟಿ ಜತೆ ರಂಜಕ ಬಡಿಸಿಕೊಳ್ಳುವ ನಮ್ಮ ಮಂದಿಗೂ ದಿನಾ ಆಗದ ಮಾತು. ಅದರ ಮೇಲೆ ನಿಮ್ಮ ಊರಿನ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಯಾವ ಅಧ್ಯಯನದಲ್ಲೂ ಕಾಯಿ ಯಾವ ತಳಿ, ಡಬ್ಬಿಯೋ ಕಡ್ಡಿಯೋ ಅಂತ ಕೇಳಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ಮೂರರಲ್ಲೂ ಯಾರಿಗೂ ಮೆಣಸಿನಕಾಯಿ ತಿನ್ನಿಸಿಲ್ಲ. ತಿನ್ನುವವರನ್ನೂ ತಿನ್ನದವರನ್ನೂ ಸುಮ್ನೆ ಗಮನಿಸಿದ್ದಾರೆ. ಆದರೆ ಖಾರ ತಿನ್ನುವವರು ಬೇರೆ ವಿಷಯದಲ್ಲೂ ಬೇರೆಯೇ ಇರುತ್ತಾರೆ. ಮೊದಲನೇ ಅಧ್ಯಯನದಲ್ಲಿ ಅವರಲ್ಲಿ ಹಳ್ಳಿಯವರು ಜಾಸ್ತಿ, ಬೀಡಿ-ಸಿಗರೇಟು, ಕುಡಿತವೂ ಜಾಸ್ತಿ. ಮರೆವಿನ ಅಧ್ಯಯನದಲ್ಲಿ ಅವರ ಆದಾಯ ಕಡಿಮೆ, ಮೈತೂಕವೂ ಕಡಿಮೆ. ಬಡತನ ಇದ್ದಲ್ಲಿ ಓದು ಕಡಿಮೆ, ಊಟದಲ್ಲಿ ಹಾಲು-ಹಣ್ಣು ಕಡಿಮೆ. ಹಾಗಾದರೆ ನೆನಪು ಕೆಡಿಸಿದ್ದು ಕಾಯಿಯೋ ಬಡತನವೋ? ಸಂಶೋಧಕರು ಇದನ್ನೆಲ್ಲ ಲೆಕ್ಕದಲ್ಲಿ ಹಿಡಿದು ತೂಗಿಸಲು ನೋಡುತ್ತಾರೆ, ಪ್ರಾಮಾಣಿಕವಾಗಿಯೇ. ಆದರೆ ಕೇಳಿ ಬರೆದುಕೊಂಡದ್ದನ್ನು ಮಾತ್ರ ತೂಗಿಸಬಹುದು, ಕೇಳದೇ ಬಿಟ್ಟದ್ದನ್ನು ಹೇಗೆ ತೂಗಿಸುವುದು?

ಅದಕ್ಕೇ ಇಂಥ ಸುದ್ದಿಯ ತಲೆಬರಹ ನೋಡಿ ಊಟ ಬದಲಿಸಬೇಡಿ ಅಂತ ನಾನು ಹೇಳೋದು. ಮಾಲು ಕೊಳ್ಳುವಾಗ ನೀವು ಚೀಲದ ಮೇಲಿನ ಹಿಡಿ ನೋಡಿ ರೇಟು ಹೇಳುತ್ತೀರಾ? ತಳದವರೆಗೂ ಕೈ ಹಾಕುತ್ತೀರಿ, ಅಲ್ವಾ?

ಹಾಗಂತ ಮೆಣಸಿನಕಾಯಿ ಬಗ್ಗೆ ಗಟ್ಟಿ ಸಂಶೋಧನೆಯೇ ಇಲ್ಲ ಅಂತಲ್ಲ. ಕಾಯಿ ತಿಂದರೆ ಬಾಯಿ ಯಾಕೆ ಉರಿಯುತ್ತದೆ? ಅಮೆರಿಕದ ಡೇವಿಡ್ ಜೂಲಿಯಸ್ ಈ ಪ್ರಶ್ನೆ ಹಿಡಿದು ಕೂತರು. ನೋವು, ಬಿಸಿ ಗೊತ್ತುಮಾಡುವ ನರಗಳ ಸಾವಿರಾರು ಜೀನುಗಳನ್ನು ಜಾಲಾಡಿದರು. ಖಾರದ ಅಂಶವಾದ ಕ್ಯಾಪ್ಸೈಸಿನ್ ಯಾವ ಜೀನಿನ ಮೂಲಕ ಕೆಲಸ ಮಾಡುತ್ತದೆ ಎಂಬುದು 1997ರಲ್ಲಿ ಸಿಕ್ಕಿತು. ಅದು ನರದ ಗೋಡೆಯಲ್ಲಿರುವ ಒಂದು ಪುಟ್ಟ ಬಾಗಿಲು. ತಮಾಷೆ ಅಂದರೆ ಅದೇ ಬಾಗಿಲು ಸುಮಾರು 43 ಡಿಗ್ರಿ ಶಾಖ ತಾಗಿದರೂ ತೆರೆದುಕೊಳ್ಳುತ್ತದೆ. ಹಾಗಾಗಿ ಖಾರ ತಿಂದಾಗ ಬಾಯಿ ಸುಟ್ಟಿತು ಅಂತ ಮಿದುಳಿಗೆ ಅನ್ನಿಸೋದು ಸುಳ್ಳಲ್ಲ, ಅದಕ್ಕೆ ಹೋಗುವ ಸುದ್ದಿಯೇ ಅದು. ಹಕ್ಕಿಗಳ ಮೈಯಲ್ಲಿ ಈ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ. ಗಿಳಿಗಳು ಹೊಲಕ್ಕೆ ನುಗ್ಗಿ ಕೆಂಪು ಕಾಯಿಯನ್ನೇ ಹಾಯಾಗಿ ಕಚ್ಚುವುದು ಇದಕ್ಕೇ. 2021ರಲ್ಲಿ ಜೂಲಿಯಸ್ ಅವರಿಗೆ, ಸ್ಪರ್ಶದ ಬಗ್ಗೆ ಕೆಲಸ ಮಾಡಿದ ಆರ್ಡೆಮ್ ಪಟಪೂಟಿಯನ್ ಜತೆ, ನೊಬೆಲ್ ಬಂತು. ಇದನ್ನು ಬೇರೆ ಬೇರೆ ಪ್ರಯೋಗಾಲಯಗಳು ಮತ್ತೆ ಮತ್ತೆ ಮಾಡಿ ನೋಡಿವೆ, ಪ್ರತಿ ಸಲ ಅದೇ ಬಂದಿದೆ. ಇದನ್ನು ನಂಬಬಹುದು.

ಆಯ್ತು, ನಾಲ್ಕು ಮಂದಿಗೆ ಉಪಯೋಗ ಆಗುವ ಔಷಧದ ಸಂಶೋಧನೆ ಅಂದಿರಿ. ಅದಕ್ಕೆ ಚೀನಾ, ಅಮೆರಿಕ ಬೇಡ, ಹತ್ತಿರದ ಬೆಳಗಾವಿ ಜಿಲ್ಲೆಗೆ ಬನ್ನಿ.

ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಬಾಣಂತಿ ತೀರಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಇದನ್ನು ತಡೆಯುವ ಇಂಜೆಕ್ಷನ್ ಇತ್ತು. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ತಿಳಿದವರು ಬೇಕು. ಮಿಸೊಪ್ರಾಸ್ಟಾಲ್ ಎಂಬ ಗುಳಿಗೆಗೆ ಇವೆರಡೂ ಬೇಡ. ಆದರೆ ಅದು ನಿಜಕ್ಕೂ ಕೆಲಸ ಮಾಡುತ್ತದಾ? 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಂಗಸರ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಹಾಗೇ ಕಾಣುವ ಔಷಧವಿಲ್ಲದ ಗುಳಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಬಾಣಂತಿಗೂ ಗೊತ್ತಿಲ್ಲ, ಗುಳಿಗೆ ಕೊಟ್ಟ ಎಎನ್‌ಎಂ ಸಿಸ್ಟರ್‌ಗೂ ಗೊತ್ತಿಲ್ಲ. ಮೆಣಸಿನಕಾಯಿ ಅಧ್ಯಯನಗಳಲ್ಲಿ ಇಲ್ಲದ್ದು ಇದೇ ನೋಡಿ. ಚೀಟಿ ಎತ್ತಿ ಹಂಚಿದಾಗ ಬಡವರು, ಉಳ್ಳವರು, ಓದಿದವರು, ಓದದವರು ಎರಡೂ ಕಡೆ ಹೆಚ್ಚುಕಡಿಮೆ ಸಮ ಬೀಳುತ್ತಾರೆ. ಉಳಿಯುವ ವ್ಯತ್ಯಾಸ ಗುಳಿಗೆಯದು ಮಾತ್ರ.

ಇನ್ನೊಂದು ಸಮಸ್ಯೆ ಇತ್ತು. ರಕ್ತ ಎಷ್ಟು ಹೋಯಿತು ಅಂತ ಅಳೆಯುವುದು ಹೇಗೆ? ಅರಿವೆ ತೊಯ್ದದ್ದು ನೋಡಿ ಕಣ್ಣಂದಾಜು ಹೇಳುವುದು ಆವರೆಗಿನ ರೂಢಿ. ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತದೆ ಅಂತ ಬೆಳಗಾವಿಯಲ್ಲೇ ಅಳೆದು ತೋರಿಸಿದರು. ಅಳೆಯೋಕೆ ಅವರು ಮಾಡಿಕೊಂಡ ಸಾಧನ ಬಲು ಸಾದಾ. ಒಂದು ಪ್ಲಾಸ್ಟಿಕ್ ಹಾಳೆ. ಮೇಲಿನ ಅಂಚನ್ನು ಬಾಣಂತಿಯ ಸೊಂಟಕ್ಕೆ ಲಾಡಿಯಿಂದ ಕಟ್ಟುತ್ತಾರೆ. ಹಾಳೆ ಕೆಳಗೆ ಹೋಗುತ್ತ ಕಿರಿದಾಗಿ ಚೀಲವಾಗುತ್ತದೆ, ಆ ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಯಾವ ಗೆರೆಗೆ ಬಂತು ಅಂತ ಸಿಸ್ಟರ್ ಓದಿಕೊಂಡರೆ ಸಾಕು.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಹೆಚ್ಚು ರಕ್ತಸ್ರಾವ ಆಗಿದ್ದರೆ, ಔಷಧ ತೆಗೆದುಕೊಂಡವರಲ್ಲಿ 6.4. ಅಂದರೆ 18 ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ಅಪಾಯ ತಪ್ಪುತ್ತದೆ. “ಅಪಾಯ ಅರ್ಧಕ್ಕೆ ಇಳಿಯಿತು” ಅನ್ನುವ ತಲೆಬರಹಕ್ಕಿಂತ ಈ ಲೆಕ್ಕ ನನಗೆ ಇಷ್ಟ, ಯಾಕಂದರೆ ಇದು ಎಷ್ಟರಲ್ಲಿ ಅರ್ಧ ಅಂತಲೂ ಹೇಳುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಮಿಸೊಪ್ರಾಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಚೀಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳಲ್ಲಿ ನಡೆದ ಪರೀಕ್ಷೆಯ ವರದಿ 2023ರಲ್ಲಿ ಬಂತು. ಇಂಥದ್ದೇ ಚೀಲ ಕಟ್ಟಿ, ರಕ್ತ ಗೆರೆ ದಾಟುತ್ತಲೇ ಮಸಾಜು, ಔಷಧ, ಸಲೈನು ಎಲ್ಲ ಒಟ್ಟಿಗೆ ಶುರು ಮಾಡಿದಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದ ಆಗುವ ಶಸ್ತ್ರಚಿಕಿತ್ಸೆ, ಸಾವು ಎಲ್ಲ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು.

ಹೊಸ ಔಷಧ ಯಾವುದೂ ಇಲ್ಲ. ಸರಿಯಾಗಿ ಅಳೆದರು, ತಡ ಮಾಡಲಿಲ್ಲ. ನಮ್ಮ ಕಡೆಯ ಪೇಪರುಗಳಲ್ಲಿ ಇದು ಮುಖಪುಟಕ್ಕೆ ಬಂದದ್ದು ನಾನಂತೂ ನೋಡಲಿಲ್ಲ. ಮೆಣಸಿನಕಾಯಿ ಆಯಸ್ಸು ಬಂದಿತ್ತು.

ಮೋಸದ ಸಂಶೋಧನೆ ಇಲ್ಲವಾ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಬೇಕಾದಷ್ಟಿದೆ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಜರ್ಮನಿಯಲ್ಲಿ 15 ಜನರನ್ನು ಇಟ್ಟುಕೊಂಡು ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಅಂತ ತೋರಿಸಿದರು. ಪ್ರಯೋಗ ನಡೆದದ್ದು ನಿಜ, ಆದರೆ ಬೇಕಂತಲೇ ಕೆಟ್ಟದಾಗಿ ಮಾಡಿದ್ದು. ತೂಕ, ಕೊಲೆಸ್ಟ್ರಾಲ್, ನಿದ್ದೆ ಅಂತ 18 ವಿಷಯ ಅಳೆದರು. ಅಷ್ಟು ಕಡಿಮೆ ಜನರಲ್ಲಿ ಅಷ್ಟೆಲ್ಲ ಅಳೆದರೆ ಯಾವುದೋ ಒಂದರಲ್ಲಿ ಏನೋ ಒಂದು ವ್ಯತ್ಯಾಸ ಬಂದೇ ಬರುತ್ತದೆ. ದುಡ್ಡು ತೆಗೆದುಕೊಳ್ಳುವ ಒಂದು ಜರ್ನಲ್ ಅದನ್ನು ಛಾಪಿಸಿತು, ಹಲವು ದೇಶದ ಪತ್ರಿಕೆಗಳು ಎತ್ತಿ ಹಾಕಿದವು. ಆಮೇಲೆ ಅವರೇ ಗುಟ್ಟು ಬಿಟ್ಟುಕೊಟ್ಟರು. 2023ನೇ ವರ್ಷವೊಂದರಲ್ಲೇ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪ್ರಬಂಧಗಳನ್ನು ಜರ್ನಲ್‌ಗಳು ಹಿಂದಕ್ಕೆ ಪಡೆದಿವೆ. ಹೆಚ್ಚಿನವು ಒಂದೇ ಪ್ರಕಾಶಕರ ಜರ್ನಲ್‌ಗಳವು.

ಈ ಕಳ್ಳ ಕಾಗದದ ವಿಷಯ ನಿಮ್ಮ ಮಗಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಶಾಸನ ಓದುವವರು ನೂರು ವರ್ಷಕ್ಕೂ ಮೊದಲಿನಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಹಿಂದೆ ಜಮೀನಿನ ಆಸೆಗೆ ಸುಳ್ಳು ತಾಮ್ರಪಟ ಕೊರೆಸುತ್ತಿದ್ದರು. ಕೂಟಶಾಸನ ಅಂತಾರೆ. ಪಾಂಡವರ ವಂಶದ ಜನಮೇಜಯನೇ ಭೂಮಿ ಕೊಟ್ಟ ಅಂತ ಹೇಳುವ ತಾಮ್ರಪಟಗಳೂ ಶಿವಮೊಗ್ಗ ಸೀಮೆಯಲ್ಲಿ ಸಿಕ್ಕಿವೆ! ಆಸೆಗೆ ಮಿತಿ ಬೇಡವಾ? ಮುಂಬೈ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ, ನಮ್ಮ ಭಾಗದ ಶಾಸನಗಳನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಇಂಥ ಸುಳ್ಳು ದಾಖಲೆಗಳ ಪಟ್ಟಿಯನ್ನೇ ಮಾಡಿದರು. ಹಿಡಿಯುವ ದಾರಿ ಹೀಗೆ: ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ, ಒಮ್ಮೊಮ್ಮೆ ಗ್ರಹಣವೂ ಇರುತ್ತದೆ. ಆ ತಿಥಿ ಆ ವಾರವೇ ಬಿದ್ದಿತ್ತಾ ಅಂತ ಲೆಕ್ಕ ಹಾಕುತ್ತಾರೆ. ಅಕ್ಷರದ ಬಳಕು ಆ ಕಾಲದ್ದೇ ಅಂತ ನೋಡುತ್ತಾರೆ. ಐದನೇ ಶತಮಾನದ ದಾನ ಅಂತ ಹೇಳಿಕೊಂಡು ಹತ್ತನೇ ಶತಮಾನದ ಅಕ್ಷರದಲ್ಲಿದ್ದರೆ ಸಿಕ್ಕಿಬಿದ್ದ ಹಾಗೇ.

ಕಲ್ಲು ಓದಿದರೆ ಏನು ಬರುತ್ತದೆ? ಗದಗ ಜಿಲ್ಲೆಯ ಸೂಡಿಗೆ ಹೋಗಿದ್ದೀರಾ? ಜೋಡು ಕಳಸದ ಗುಡಿ ನೋಡಲು ಜನ ಹೋಗುತ್ತಾರೆ. ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ದೊರೆ ಜಯಸಿಂಹನ ಸೋದರಿ ಅಕ್ಕಾದೇವಿ ಆ ಸೀಮೆಯ ಕಿಸುಕಾಡು ನಾಡನ್ನು ಆಳಿದಳು. ‘ಗುಣದ ಬೆಡಂಗಿ’ ಎಂಬ ಬಿರುದು ಅವಳಿಗೆ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಇದೆಲ್ಲ ಗೊತ್ತಾದದ್ದು ಶಾಸನಗಳಿಂದ. ಯಾರೂ ಓದದಿದ್ದರೆ ನಾಡು ಆಳಿ ದಂಡು ನಡೆಸಿದ ಈ ಹೆಂಗಸಿನ ಹೆಸರೂ ನಮಗೆ ಗೊತ್ತಾಗುತ್ತಿರಲಿಲ್ಲ. ಲಕ್ಕುಂಡಿಯ ಅತ್ತಿಮಬ್ಬೆಯ ವಿಷಯದಲ್ಲೂ ಅಷ್ಟೇ, ಅವಳ ಬಸದಿಯ ಶಾಸನ 1007ರದು. ಶಾಸನಗಳಲ್ಲಿ ರಾಜರ ಹೊಗಳಿಕೆ ತೆಗೆದು ಉಳಿದದ್ದನ್ನು ಓದಿ. ಯಾವ ಬೆಳೆಗೆ ಏನು ಸುಂಕ, ಕೆರೆ ದುರಸ್ತಿಗೆ ಎಷ್ಟು ಭೂಮಿ ಬಿಟ್ಟಿದ್ದರು, ಹೊಲವನ್ನು ಯಾವ ಕೋಲಿನಿಂದ ಅಳೆದರು ಅಂತ ಎಲ್ಲ ಇರುತ್ತದೆ. ಮಾರುಕಟ್ಟೆಯವರಾದ ನಿಮಗೆ ನನಗಿಂತ ಜಾಸ್ತಿ ರುಚಿಸಬಹುದು.

ಮಗಳ ಜತೆ ಒಮ್ಮೆ ಪಡಿಯಚ್ಚು ತೆಗೆಯುವುದನ್ನು ನೋಡಲು ಹೋಗಿ. ಕಲ್ಲನ್ನು ನೀರು ಹಾಕಿ ತಿಕ್ಕಿ ತೊಳೆಯುತ್ತಾರೆ. ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಂಡಿಯೊಳಗೆ ಕೂರಿಸುತ್ತಾರೆ. ಕಾಗದ ಅರೆ ಒಣಗಿದಾಗ ಮಸಿಯ ಉಂಡೆಯಿಂದ ತಟ್ಟುತ್ತಾರೆ. ಸುತ್ತ ಕಪ್ಪು, ಅಕ್ಷರ ಮಾತ್ರ ಬಿಳಿ. ಈಗ ಹೊಸ ದಾರಿಯೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಊರ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಪರದೆಯ ಮೇಲೆ ಏಳುತ್ತದೆ. ಹಳಗನ್ನಡವೂ ಕಂಪ್ಯೂಟರೂ ಎರಡೂ ಬಲ್ಲ ಮಕ್ಕಳು ಈ ಕೆಲಸಕ್ಕೆ ಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಸುಣ್ಣ, ಆಯಿಲ್ ಪೇಂಟು ಬಳಿಸಿಕೊಂಡು ನಿಂತ ಕಲ್ಲುಗಳೇನು ಕಮ್ಮಿಯಾ?

ಇನ್ನು ಹೊಟ್ಟೆಪಾಡು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕನ್ನಡವೂ ಆ ಪರೀಕ್ಷೆಯಲ್ಲಿ ಒಂದು ವಿಷಯ. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇದೆ, ಈಗ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ. ಮುಗಿದ ಮೇಲೆ ನೌಕರಿ ಕಷ್ಟ, ಅದನ್ನು ಮುಚ್ಚಿಡೋದಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಕೆಲವು ವರ್ಷ ಓಡಾಡಬೇಕಾದೀತು. ಔಷಧ ವಿಜ್ಞಾನ ಓದಿದವರ ಪಾಡೂ ಈಗ ಬಹಳ ಬೇರೆ ಏನಿಲ್ಲ ಬಿಡಿ.

ಅವಳಿಗೆ ಎರಡು ಮಾತು ಹೇಳಿ. ದುಡ್ಡು ಕೊಟ್ಟರೆ ವಾರದೊಳಗೆ ಪ್ರಬಂಧ ಹಾಕುತ್ತೇವೆ ಅಂತ ಮೆಸೇಜು ಬಂದರೆ ಉತ್ತರ ಕೊಡಬಾರದು. ಮತ್ತೆ, ವಿಷಯ ಆರಿಸುವ ಮುಂಚೆ ಗೈಡ್ ಯಾರು ಅಂತ ವಿಚಾರಿಸಬೇಕು. ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿದ ಒಬ್ಬಿಬ್ಬರನ್ನು, ಅರ್ಧಕ್ಕೆ ಬಿಟ್ಟವರಿದ್ದರೆ ಅವರನ್ನೂ, ಚಹಾಕ್ಕೆ ಕರೆದು ಕೇಳಲಿ. ಗೈಡ್ ಜತೆ ಎಷ್ಟು ಸಲ ಹಳ್ಳಿಗೆ ಹೋಗಿದ್ದಿರಿ, ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು ಅಂತ ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.