ಆರ್ವೆಲ್‌ಗಿಂತ ಮೊದಲಿನ ಜಮ್ಯಾತಿನ್: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ.

‘1984ರ ಅಪ್ಪ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ರಷ್ಯನ್ ಲೇಖಕ ಯೆವ್ಗೆನಿ ಜಮ್ಯಾತಿನ್ ಬರೆದ ‘ನಾವು’ ಕಾದಂಬರಿಯ ಬಗ್ಗೆ ನಮ್ಮ ಓದುಗರಿಗೆ ಒಂದು ಒಳ್ಳೆಯ ಲೇಖನ ಕೊಡಬೇಕು ಅನ್ನುವ ಆಸೆ ನನಗೂ ಇದೆ. ಅದನ್ನು ನೀವೇ ಬರೆಯಬಲ್ಲಿರಿ ಅಂತಲೂ ಅನ್ನಿಸಿತು. ಅದಕ್ಕೇ ಸ್ವಲ್ಪ ಉದ್ದವಾಗಿ, ನೇರವಾಗಿ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ವಾದ ಇಷ್ಟು: ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’, ಆರ್ವೆಲ್‌ನ ‘1984’ ಎರಡೂ ಈ ರಷ್ಯನ್ ಕಾದಂಬರಿಯಿಂದ ಕದ್ದವು. ಸ್ಟಾಲಿನ್ ಬರುವುದನ್ನು ಜಮ್ಯಾತಿನ್ ಮೊದಲೇ ಕಂಡಿದ್ದ. ಒಂಬತ್ತು ಪುಟಗಳಲ್ಲಿ ಹೆಚ್ಚಿನವು ಇದಕ್ಕೇ ಹೋಗಿವೆ. ಕಾದಂಬರಿಗೆ ಸಿಕ್ಕಿದ್ದು ಒಂದೇ ಪ್ಯಾರಾ. ಗಾಜಿನ ಮನೆಗಳ ನಗರ, ಹೆಸರಿನ ಬದಲು ನಂಬರು, ನಾಯಕ ಪ್ರೀತಿಸುತ್ತಾನೆ, ಬಂಡೇಳುತ್ತಾನೆ, ಸೋಲುತ್ತಾನೆ. ಇಷ್ಟೇ ಓದಿದವರಿಗೆ ಇದರಲ್ಲಿ ಕದಿಯುವಂಥದ್ದು ಏನಿತ್ತು ಅಂತಲೇ ಗೊತ್ತಾಗುವುದಿಲ್ಲ.

ಆ ಪುಸ್ತಕದ ಒಳಗೆ ಏನೇನಿದೆ ನೋಡಿ. ಕಥೆ ಹೇಳುವವನು ಡಿ-503, ಒಬ್ಬ ಎಂಜಿನಿಯರ್. ‘ಇಂಟೆಗ್ರಲ್’ ಎಂಬ ಆಕಾಶನೌಕೆ ಕಟ್ಟುತ್ತಿದ್ದಾನೆ. ಬೇರೆ ಗ್ರಹಗಳಲ್ಲಿ ಇನ್ನೂ ‘ಸ್ವಾತಂತ್ರ್ಯ’ದಲ್ಲಿ ನರಳುತ್ತಿರುವ ಜೀವಿಗಳಿಗೆ ತನ್ನ ದೇಶವಾದ ‘ಏಕ ರಾಜ್ಯ’ದ ಸುಖವನ್ನು ತಲುಪಿಸುವುದು ಆ ನೌಕೆಯ ಕೆಲಸ. ಅವರಿಗಾಗಿಯೇ ಅವನು ಟಿಪ್ಪಣಿ ಬರೆಯುತ್ತಾನೆ. ಒಟ್ಟು 40 ಟಿಪ್ಪಣಿಗಳು, ಅದೇ ಕಾದಂಬರಿ. ಅಂದರೆ ಅವನು ಶುರುವಿನಲ್ಲಿ ಬಂಡಾಯಗಾರ ಅಲ್ಲವೇ ಅಲ್ಲ. ರಾಜ್ಯವನ್ನು ಹೊಗಳಲು ಪೆನ್ನು ಹಿಡಿದವನು. ಒಂದೊಂದು ತುತ್ತಿಗೂ ಐವತ್ತು ಸಲ ಜಗಿಯಬೇಕು ಅನ್ನುವ ನಿಯಮ ಅವನಿಗೆ ಹಿತವಾಗಿದೆ. ಹಳೆಯ ಕಾಲದ ಸಾಹಿತ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ಕೃತಿ ರೈಲ್ವೆ ವೇಳಾಪಟ್ಟಿ ಎಂದು ಅವನು ಮನಸಾರೆ ನಂಬಿದ್ದಾನೆ.

ಇಂಥವನಿಗೆ ಐ-330 ಎಂಬ ಬಂಡಾಯಗಾರ ಹೆಣ್ಣು ಸಿಗುತ್ತಾಳೆ. ಆಮೇಲೆ ಅವನ ವಾಕ್ಯಗಳೇ ಕೆಡುತ್ತವೆ. ಮೊದಲು ಲೆಕ್ಕದ ಹಾಗೆ ನೆಟ್ಟಗಿದ್ದ ಗದ್ಯದಲ್ಲಿ ಅರ್ಧಕ್ಕೆ ನಿಂತ ಮಾತುಗಳು, ಅಡ್ಡಗೆರೆಗಳು, ಮುಗಿಸಲಾಗದ ಹೋಲಿಕೆಗಳು ಬರತೊಡಗುತ್ತವೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವನನ್ನು ಅಳಿಸಿದ್ದು ಮೈನಸ್ ಒಂದರ ವರ್ಗಮೂಲ. ಲೆಕ್ಕದೊಳಗೇ ಇದ್ದೂ ಲೆಕ್ಕಕ್ಕೆ ಸಿಗದ ಆ ಸಂಖ್ಯೆ ಈಗ ತನ್ನೊಳಗೇ ಇದೆ ಅಂತ ಅವನಿಗೆ ಭಯ. ವೈದ್ಯರ ಹತ್ತಿರ ಹೋಗುತ್ತಾನೆ. ನಿಮ್ಮ ಸ್ಥಿತಿ ಚೆನ್ನಾಗಿಲ್ಲ, ನಿಮ್ಮೊಳಗೆ ಆತ್ಮ ಹುಟ್ಟಿಕೊಂಡಿದೆ ಅನ್ನುತ್ತಾರೆ ವೈದ್ಯರು. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯ ಅದು. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ!

ಇಲ್ಲಿಂದ ನೋಡಿದರೆ ಆರ್ವೆಲ್ ಪ್ರಶ್ನೆಯೂ ಬೇರೆ ಥರ ಕಾಣುತ್ತದೆ. ‘1984’ರ ವಿನ್‌ಸ್ಟನ್ ಕೂಡ ಡೈರಿ ಬರೆಯುತ್ತಾನೆ. ಆದರೆ ಅವನು ಡೈರಿ ತೆರೆದ ಕ್ಷಣವೇ ಅಪರಾಧಿ. ಆಳುವವರನ್ನು ಅವನು ಮೊದಲ ಪುಟಗಳಿಂದಲೇ ದ್ವೇಷಿಸುತ್ತಾನೆ. ಡಿ-503 ನಿಷ್ಠೆಯಿಂದ ಬರೆಯುತ್ತಾ ಬರೆಯುತ್ತಾ, ತನಗೇ ತಿಳಿಯದೆ ಅಪರಾಧಿ ಆಗುತ್ತಾನೆ. ಆರ್ವೆಲ್‌ನ ಲಂಡನ್ ಕೊಳಕು, ಬಡತನ, ಸುಳ್ಳು ತುಂಬಿದ ಊರು. ಅಲ್ಲಿ ಒಂದು ಬ್ಲೇಡಿಗೂ ಪರದಾಟ. ಜಮ್ಯಾತಿನ್‌ನ ನಗರ ಫಳಫಳ ಹೊಳೆಯುತ್ತದೆ, ಯಾರೂ ಹಸಿದಿಲ್ಲ. ಅಲ್ಲಿ ಆಳುವ ‘ಉಪಕಾರಿ’ ಜನರಿಗೆ ಸುಖ ಕೊಡುತ್ತಿದ್ದೇನೆ ಅನ್ನುತ್ತಾನೆ. ವಿನ್‌ಸ್ಟನ್‌ನನ್ನು ಹಿಂಸಿಸುವ ಅಧಿಕಾರಿ, ಆರ್ವೆಲ್‌ನ ಓಬ್ರಿಯನ್, ಅಧಿಕಾರ ಇರುವುದು ಅಧಿಕಾರಕ್ಕಾಗಿಯೇ ಅನ್ನುತ್ತಾನೆ. ಇಷ್ಟು ದೊಡ್ಡ ವ್ಯತ್ಯಾಸಗಳನ್ನು ಪಕ್ಕಕ್ಕಿಟ್ಟು ‘ಪಾತ್ರ ಅದೇ, ಪ್ರೇಮ ಅದೇ, ಸೋಲು ಅದೇ’ ಎಂದು ಪಟ್ಟಿ ಮಾಡಿದರೆ ಎರಡೂ ಪುಸ್ತಕಗಳಿಗೆ ಅನ್ಯಾಯ ಆಗುತ್ತದೆ.

‘ಕದ್ದ’ ಅನ್ನುವ ಮಾತಂತೂ ತೆಗೆಯಲೇಬೇಕು. ಆರ್ವೆಲ್ ಏನನ್ನೂ ಬಚ್ಚಿಡಲಿಲ್ಲ. ‘ನಾವು’ ಕಾದಂಬರಿಯನ್ನು ಫ್ರೆಂಚ್ ಅನುವಾದದಲ್ಲಿ ಓದಿ, 1946ರ ಜನವರಿಯಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದ. ‘1984’ ಬಂದದ್ದು 1949ರಲ್ಲಿ. ಅವನೇ ಮೂರು ವರ್ಷ ಮೊದಲು ಎಲ್ಲರಿಗೂ ಓದಲು ಹೇಳಿದ ಪುಸ್ತಕ ಅದು. ಹಕ್ಸ್ಲಿಯ ಕಾದಂಬರಿಗೆ ಇದೇ ಮೂಲ ಇರಬೇಕು ಅಂತ ಊಹಿಸಿದ್ದೂ ಆರ್ವೆಲ್ಲೇ. ಹಕ್ಸ್ಲಿ ಅದನ್ನು ಒಪ್ಪಲಿಲ್ಲ. ಹಾಗಿರುವಾಗ ‘ಹಕ್ಸ್ಲಿ ನಕಲು ಮಾಡಿದ್ದು ಸಾಬೀತಾಗಿದೆ’ ಅಂತ ನೀವು ಬರೆದರೆ ನಾನು ಅಚ್ಚು ಹಾಕುವುದು ಹೇಗೆ?

ಆ ವಿಮರ್ಶೆಯಲ್ಲೇ ನಿಮಗೆ ಬೇಕಾದ ಎಳೆ ಇದೆ. ಹಕ್ಸ್ಲಿಗಿಂತ ಜಮ್ಯಾತಿನ್ ಮೇಲು ಎಂದು ಆರ್ವೆಲ್‌ಗೆ ಅನ್ನಿಸಿದ್ದು ಒಂದು ಕಾರಣಕ್ಕೆ. ಇಂಥ ಆಡಳಿತದಲ್ಲಿ ಬರೀ ಲೆಕ್ಕಾಚಾರ ಇರುವುದಿಲ್ಲ. ನರಬಲಿ ಇರುತ್ತದೆ, ಕ್ರೌರ್ಯಕ್ಕಾಗಿಯೇ ಕ್ರೌರ್ಯ ಇರುತ್ತದೆ, ನಾಯಕನ ಪೂಜೆ ಇರುತ್ತದೆ. ಇದನ್ನು ಜಮ್ಯಾತಿನ್ ಹಿಡಿದಿದ್ದ ಅನ್ನುತ್ತಾನೆ ಆರ್ವೆಲ್. ಪ್ರಭಾವ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ ಅಲ್ವಾ? ಮುಂದೆ ‘1984’ರ ಚಿತ್ರಹಿಂಸೆಯ ಕೋಣೆಗಳಲ್ಲಿ ಅದು ಏನಾಯಿತು ಅಂತ ನೀವು ತೋರಿಸಿ.

ಜಮ್ಯಾತಿನ್ ಕೂಡ ಸಾಲ ಮಾಡಿದವನೇ. ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಕಾರ ಎಚ್. ಜಿ. ವೆಲ್ಸ್ ಕೃತಿಗಳ ರಷ್ಯನ್ ಅನುವಾದಗಳನ್ನು ಸಂಪಾದಿಸಿದ, ವೆಲ್ಸ್ ಬಗ್ಗೆ ಪ್ರಬಂಧ ಬರೆದ. ದಾಸ್ತೋವ್‌ಸ್ಕಿಯ ಒಂದು ಕಿರುಕಾದಂಬರಿಯ ನಾಯಕ, ನೆಲಮಾಳಿಗೆಯ ಮನುಷ್ಯ, ‘ಎರಡೆರಡಲಿ ನಾಲ್ಕು’ ಎಂಬ ಸತ್ಯದ ಮೇಲೆಯೇ ಸಿಟ್ಟಾಗುತ್ತಾನೆ. ಜಮ್ಯಾತಿನ್‌ನ ಏಕ ರಾಜ್ಯದ ಕವಿ ಅದೇ ಎರಡೆರಡಲಿಯನ್ನು ಹೊಗಳಿ ಸಾನೆಟ್ ಬರೆಯುತ್ತಾನೆ. ಉಪಕಾರಿಯ ಮಾತುಗಳ ಹಿಂದೆ ದಾಸ್ತೋವ್‌ಸ್ಕಿಯ ಮಹಾ ವಿಚಾರಣಾಧಿಕಾರಿ, ಸ್ವಾತಂತ್ರ್ಯ ಕಿತ್ತುಕೊಂಡು ಜನರಿಗೆ ಸುಖ ಕೊಡುತ್ತೇನೆ ಅನ್ನುವ ಧರ್ಮಗುರು, ನಿಂತಿದ್ದಾನೆ. ಇದನ್ನೆಲ್ಲ ಬಿಟ್ಟು ಜಮ್ಯಾತಿನ್ ಒಬ್ಬನೇ ಮೂಲಪುರುಷ ಅಂದರೆ ನಿಮ್ಮ ವಾದ ಅವನಿಗೇ ತಿರುಗುತ್ತದೆ.

ಇನ್ನು ಸ್ಟಾಲಿನ್ ವಿಷಯ. ಕಾದಂಬರಿ ಬರೆದದ್ದು 1920–21ರಲ್ಲಿ. ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿ ಆದದ್ದು 1922ರಲ್ಲಿ. ಭವಿಷ್ಯ ಹೇಳಿದ ಅಂತ ಕೊಂಡಾಡಿದರೆ, ಅವನು ತನ್ನ ಕಣ್ಣೆದುರು ಏನು ನೋಡುತ್ತಿದ್ದ ಅನ್ನುವುದು ಮರೆತೇ ಹೋಗುತ್ತದೆ. ಏಕ ರಾಜ್ಯ ಪೂಜಿಸುವ ಹಿರಿಯ ಯಾರು ಗೊತ್ತಾ? ಅಮೆರಿಕದ ಎಂಜಿನಿಯರ್ ಟೇಲರ್. ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದವನು. ಅವನ ಪದ್ಧತಿಯನ್ನು ರಷ್ಯಾದಲ್ಲಿ ಕಲಿಸಬೇಕು ಅಂತ 1918ರಲ್ಲಿ ಲೆನಿನ್ನೇ ಬರೆದಿದ್ದ. ಕವಿ ಅಲೆಕ್ಸೇಯ್ ಗಾಸ್ತೆವ್ 1919ರಲ್ಲಿ ಇನ್ನೂ ಮುಂದೆ ಹೋಗಿ, ಕಾರ್ಮಿಕರನ್ನು ಅಕ್ಷರಗಳಿಂದಲೋ ಅಂಕಿಗಳಿಂದಲೋ ಗುರುತಿಸುವ ಕಾಲ ಬರುತ್ತದೆ ಎಂದು ಸಂಭ್ರಮದಿಂದ ಬರೆದ. ಕಿರಿಲೋವ್ ಎಂಬ ಕಾರ್ಮಿಕ ಕವಿಯ ಪ್ರಸಿದ್ಧ ಪದ್ಯದ ಹೆಸರೇ ‘ನಾವು’. ಆಗ ಆ ಪದ ಪೆತ್ರೋಗ್ರಾದಿನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಗಾಳಿಯಲ್ಲೇ ಇತ್ತು.

ಇನ್ನೊಂದು ಎಳೆ ಇಂಗ್ಲೆಂಡಿನದು. ಜಮ್ಯಾತಿನ್ ಹಡಗು ಎಂಜಿನಿಯರ್. 1916–17ರಲ್ಲಿ ನ್ಯೂಕ್ಯಾಸಲ್ ಸುತ್ತ ರಷ್ಯಾಕ್ಕಾಗಿ ಹಿಮ ಒಡೆಯುವ ಹಡಗುಗಳನ್ನು ಕಟ್ಟಿಸುತ್ತಿದ್ದ. ಅಲ್ಲಿನವರ ಬಗ್ಗೆ ‘ದ್ವೀಪವಾಸಿಗಳು’ ಎಂಬ ನೀಳ್ಗತೆ ಬರೆದ. ಅದರಲ್ಲಿ ಒಬ್ಬ ಪಾದ್ರಿ ಊಟಕ್ಕೆ, ಪಶ್ಚಾತ್ತಾಪಕ್ಕೆ, ದಾಂಪತ್ಯಕ್ಕೆ ಕೂಡ ವೇಳಾಪಟ್ಟಿ ಹಾಕಿಕೊಂಡಿದ್ದಾನೆ. ಬಲವಂತವಾಗಿಯಾದರೂ ಜನರನ್ನು ಉದ್ಧಾರ ಮಾಡಬೇಕು ಅನ್ನುವುದು ಅವನ ಸಿದ್ಧಾಂತ. ‘ನಾವು’ವಿನ ಸಮಯಪಟ್ಟಿ, ಪ್ರಣಯದ ಹೊತ್ತಿಗೆ ಗಾಜಿನ ಮನೆಯ ಪರದೆ ಇಳಿಸಲು ಬೇಕಾದ ಗುಲಾಬಿ ಚೀಟಿ, ಇವುಗಳ ಬೇರು ಮಾಸ್ಕೋದಲ್ಲಿ ಮಾತ್ರ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಾ? ಆರ್ವೆಲ್ ಕೂಡ ಇದನ್ನು ಗುರುತಿಸಿದ್ದ. ಜಮ್ಯಾತಿನ್‌ನ ಗುರಿ ಯಂತ್ರ ನಾಗರಿಕತೆ, ಒಂದು ದೇಶ ಮಾತ್ರ ಅಲ್ಲ ಅನ್ನುವುದು ಅವನ ಅಭಿಪ್ರಾಯ.

ಹಾಗಾದರೆ ಸೋವಿಯತ್ತಿಗೆ ಯಾಕೆ ಕೋಪ ಬಂತು? ಐ-330 ಒಂದು ಕಡೆ ಡಿ-503ನನ್ನು ಕೇಳುತ್ತಾಳೆ: ನೀನು ಗಣಿತದವನಲ್ವಾ, ಕೊನೆಯ ಸಂಖ್ಯೆ ಯಾವುದು ಹೇಳು. ಕೊನೆಯ ಸಂಖ್ಯೆ ಇಲ್ಲ. ಹಾಗೆಯೇ ಕೊನೆಯ ಕ್ರಾಂತಿಯೂ ಇಲ್ಲ. ತಮ್ಮದೇ ಕೊನೆಯ ಕ್ರಾಂತಿ ಎಂದು ನಂಬಿದವರು ಇದನ್ನು ಹೇಗೆ ಸಹಿಸಿಕೊಂಡಾರು? ಅದೂ ಹೇಳಿದವನು ಹೊರಗಿನವನಲ್ಲ. 1905ರಲ್ಲಿ ಬೊಲ್ಶೆವಿಕ್ (1917ರಲ್ಲಿ ಅಧಿಕಾರ ಹಿಡಿದ ಲೆನಿನ್ ಪಕ್ಷದವನು) ಆಗಿ ಝಾರ್ ಸರ್ಕಾರದ ಸೆರೆಮನೆ ಕಂಡವನು, 1922ರಲ್ಲಿ ಬೊಲ್ಶೆವಿಕ್ ಸರ್ಕಾರದ ಸೆರೆಯನ್ನೂ ಕಂಡವನು.

ಪ್ರಕಟಣೆಯ ಕಥೆಯಲ್ಲಿ ನಿಮ್ಮದು ದೊಡ್ಡ ತಪ್ಪು. ‘1924ರಲ್ಲಿ ರಷ್ಯಾದಲ್ಲಿ ಅಚ್ಚಾಗಿ ಆಮೇಲೆ ನಿಷೇಧವಾಯಿತು’ ಎಂದಿದ್ದೀರಿ. ರಷ್ಯಾದಲ್ಲಿ ಅಚ್ಚಾಗಲು ಬಿಡಲೇ ಇಲ್ಲ. 1924ರಲ್ಲಿ ಬಂದದ್ದು ಝಿಲ್ಬೂರ್ಗ್ ಮಾಡಿದ ಇಂಗ್ಲಿಷ್ ಅನುವಾದ, ನ್ಯೂಯಾರ್ಕಿನಲ್ಲಿ. 1927ರಲ್ಲಿ ಪ್ರಾಗ್‌ನ ವಲಸಿಗರ ಪತ್ರಿಕೆಯಲ್ಲಿ ರಷ್ಯನ್ ಭಾಗಗಳು ಬಂದವು. 1929ರಲ್ಲಿ ಅದೇ ನೆಪವಾಗಿ ಅವನ ಮೇಲೆ ಪತ್ರಿಕೆಗಳು ಮುಗಿಬಿದ್ದವು. 1931ರಲ್ಲಿ ಅವನು ಸ್ಟಾಲಿನ್‌ಗೇ ಪತ್ರ ಬರೆದ: ಬರೆಯಲು ಬಿಡದಿರುವುದು ಬರಹಗಾರನಿಗೆ ಮರಣದಂಡನೆ, ನನ್ನನ್ನು ದೇಶದಿಂದ ಹೊರಗೆ ಹೋಗಲು ಬಿಡಿ. ಲೇಖಕ ಗೋರ್ಕಿಯ ನೆರವಿನಿಂದ ಅನುಮತಿ ಸಿಕ್ಕಿತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಸೋವಿಯತ್ ಓದುಗರಿಗೆ ಈ ಕಾದಂಬರಿ ಸಿಕ್ಕಿದ್ದು 1988ರಲ್ಲಿ. ಮರಣದಂಡನೆಯ ಆ ಮಾತನ್ನು ನಿಮ್ಮ ಲೇಖನದಲ್ಲಿ ಖಂಡಿತ ತನ್ನಿ.

ಕೊನೆಯ ಪುಟದಲ್ಲಿ ಮೊಬೈಲು, ಸಿಸಿಟಿವಿ, ಇವತ್ತಿನ ಸರ್ಕಾರಗಳು ಎಲ್ಲ ಬಂದಿವೆ. ಅದು ಬೇಡ. ಗಾಜಿನ ಗೋಡೆಯನ್ನು ಸರಿಯಾಗಿ ತೋರಿಸಿದರೆ ಓದುಗರು ತಾವೇ ಅಲ್ಲಿಗೆ ಹೋಗುತ್ತಾರೆ. ಭಾಷೆಯೂ ಹಗುರಾಗಲಿ. ‘ಸರ್ವಾಧಿಕಾರಿ ಪ್ರಭುತ್ವದ ಅಮಾನವೀಕರಣ ಪ್ರಕ್ರಿಯೆ’ ಅನ್ನುವಲ್ಲಿ ನಾನು ಓದು ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ಅದೇ ಐದನೇ ಪುಟದಲ್ಲಿ ‘ಪರದೆ ಎಳೆಯಲೂ ಅನುಮತಿ ಕೇಳುವವನಿಗೆ ನಾಚಿಕೆ ಅನ್ನುವುದೇ ಹೊಸದು’ ಎಂದು ಬರೆದಿದ್ದೀರಿ. ಆ ಸಾಲು ಬರೆದವರಿಗೆ ದೊಡ್ಡ ಪದಗಳ ಆಸರೆ ಬೇಕಾಗಿಲ್ಲ.

ವೈದ್ಯರ ದೃಶ್ಯದಿಂದ ಶುರು ಮಾಡಿ ನೋಡಿ. ಮುಕ್ತಾಯವನ್ನು ಬರೆಯುವಾಗ ‘ಸೋಲುತ್ತಾನೆ’ ಅಂತ ಮುಗಿಸಬೇಡಿ. ಕಲ್ಪನೆಯನ್ನೇ ಕಿತ್ತುಹಾಕುವ ಶಸ್ತ್ರಚಿಕಿತ್ಸೆ ಆದ ಮೇಲೆ ಡಿ-503 ಶಾಂತವಾಗಿ ಕೂತು ಐ-330ಯ ಚಿತ್ರಹಿಂಸೆ ನೋಡುತ್ತಾನೆ, ಅವಳು ಬಾಯಿ ಬಿಡುವುದಿಲ್ಲ. ಆದರೆ ನಗರವನ್ನು ಹೊರಗಿನ ಕಾಡಿನಿಂದ ಬೇರ್ಪಡಿಸುವ ಹಸಿರು ಗೋಡೆ ಒಡೆದಿದೆ, ನಗರದಲ್ಲಿ ಇನ್ನೂ ಹೋರಾಟ ನಡೆದಿದೆ, ಅವನ ಮಗುವನ್ನು ಹೊತ್ತ ಓ-90 ಗೋಡೆಯಾಚೆ ಹೋಗಿದ್ದಾಳೆ. ‘1984’ರಲ್ಲಿ ಇಂಥ ಬಿರುಕು ಇಲ್ಲ. ಆರ್ವೆಲ್ ಅದನ್ನು ಯಾಕೆ ಮುಚ್ಚಿದ ಅನ್ನುವುದಕ್ಕೆ ನಿಮ್ಮ ಉತ್ತರ ಏನು ಅಂತ ಓದಲು ನನಗೆ ಆಸೆ. ಒಂಬತ್ತು ಪುಟ ಜಾಸ್ತಿ ಆಯಿತು, ಐದಕ್ಕೆ ಇಳಿಸಿ ಕಳಿಸಿ. ಮುಂದಿನ ಸಂಚಿಕೆಗೆ ಆಗದಿದ್ದರೂ ಅದರ ನಂತರದ್ದರಲ್ಲಿ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ