ವಾಕರ್ ಎಂದರೆ ನಡೆಯುವವನಲ್ಲ

ಪತ್ರ: ಮಗಳು ಗ್ಲಾಸ್ಗೋದಲ್ಲಿ ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ. ಅಳಿಯ ಒಳ್ಳೆಯವನು, ಆದರೆ ಅಡ್ಡಹೆಸರು ವಾಕರ್. ಕ್ಯಾಂಪ್‌ಬೆಲ್, ಮ್ಯಾಕ್‌ಗ್ರೆಗರ್ ಎಂದಿದ್ದರೆ ಕುಲ, ಇತಿಹಾಸ ಇರುತ್ತಿತ್ತು. ಬೇಕರ್, ವಾಕರ್‌ಗಳಿಗೆ ಏನಿದೆ? ಅಲ್ಲಿಯ ಅಂಗಡಿಯೊಂದರಲ್ಲಿ ವಾಕರ್ ಮನೆತನದ ಲಾಂಛನ ಸಿಗುತ್ತದಂತೆ. ಮೊಮ್ಮಗನಿಗೆ ತರಿಸಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅಕ್ಷರ ದುಂಡಗಿದೆ, ವಿಚಾರ ಮಾತ್ರ ತುಸು ಸೊಟ್ಟ. ಕುಲದ ಹೆಸರುಗಳಿಗೆ ಅವುಗಳದೇ ಗತ್ತು ಉಂಟು, ಒಪ್ಪಿದೆ. 1603ರಲ್ಲಿ ಸ್ಕಾಟ್ಲೆಂಡಿನ ದೊರೆಯ ಮಂತ್ರಾಲೋಚನಾ ಸಭೆ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ನಿಷೇಧಿಸಿತು, ಇಟ್ಟುಕೊಂಡವರಿಗೆ ಮರಣದಂಡನೆ. ನಡುವೆ ಸಡಿಲವಾಗಿ ಮತ್ತೆ ಬಿಗಿಯಾದ ಆ ನಿಷೇಧ ಪೂರ್ತಿ ತೆರವಾದದ್ದು 1774ರಲ್ಲಿ. ಅಷ್ಟು ಕಾಲ ಆ ಜನ ಕಂಡವರ ಹೆಸರಿನಲ್ಲಿ ಬದುಕಿದರು. ಆ ಕುಲದವನೇ ಆದ ಪ್ರಸಿದ್ಧ ಪುಂಡ ರಾಬ್ ರಾಯ್ ಕೂಡ ಕ್ಯಾಂಪ್‌ಬೆಲ್ ಎಂದು ಹೇಳಿಕೊಂಡು ತಿರುಗಿದವನೇ. ಅಂದ ಮೇಲೆ ಕ್ಯಾಂಪ್‌ಬೆಲ್‌ಗಳೆಲ್ಲ ಒಂದೇ ರಕ್ತ ಎಂಬ ಮಾತು ಎಲ್ಲಿ ಉಳಿಯಿತು? ಅಂದಹಾಗೆ, ಕ್ಯಾಂಪ್‌ಬೆಲ್ ಎಂದರೆ ಗೇಲಿಕ್ ಭಾಷೆಯಲ್ಲಿ ಸೊಟ್ಟಬಾಯಿ. ಹೆಸರಿಗೊಂದು ಚೌಕಳಿ ಬಟ್ಟೆ ಎಂಬ ಪದ್ಧತಿಯೂ ಗಟ್ಟಿಯಾದದ್ದು 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ ಆಸುಪಾಸಿನಲ್ಲಿ.

ಇನ್ನು ನಿಮ್ಮ ಅಳಿಯನ ಹೆಸರು. ವಾಕರ್ ಸುಮ್ಮನೆ ನಡೆದವನಲ್ಲ, ಬಟ್ಟೆ ತುಳಿದವನು. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಜಾಳುಜಾಳಾಗಿ, ಜಿಡ್ಡಾಗಿ ಇರುತ್ತದೆ. ಅದನ್ನು ತೊಟ್ಟಿಗೆ ಹಾಕಿ, ಹಳಸಿದ ಮೂತ್ರ ಸುರಿದು, ಬರಿಗಾಲಿನಲ್ಲಿ ಗಂಟೆಗಟ್ಟಲೆ ತುಳಿಯಬೇಕು. ಆಗ ಜಿಡ್ಡು ಬಿಟ್ಟು, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಬಟ್ಟೆ ಚಳಿಮಳೆಗೆ ತಡೆಯುವಷ್ಟು ದಪ್ಪವಾಗುತ್ತದೆ. ಆ ವಾಸನೆಯಲ್ಲಿ ನಿಂತವನಿಗೆ ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡಿನ ಕಡೆ ವಾಕರ್ ಎಂದರು, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್. ನೀರಿನ ಬಲದಿಂದ ಓಡುವ ಕೊಡತಿಗಳು ಬಂದು ಕಾಲಿಗೆ ಬಿಡುವು ಸಿಕ್ಕ ಮೇಲೂ ಹೆಸರು ಹೋಗಲಿಲ್ಲ.

ಬೇಕರ್‌ನನ್ನು ಕೆಣಕಿದ್ದೀರಿ. ಅವನ ಮಗ್ಗುಲಲ್ಲೇ ಬ್ಯಾಕ್ಸ್‌ಟರ್ ಇದ್ದಾಳೆ. ಮೂಲದಲ್ಲಿ ರೊಟ್ಟಿ ಸುಡುವ ಹೆಂಗಸಿನ ಹೆಸರು. ವೆಬ್‌ಸ್ಟರ್ ನೇಯುವವಳು. ಮುಂದೆ ಗಂಡಸರಿಗೂ ಅವೇ ಹೆಸರು ಅಂಟಿದವು, ನಿಜ. ಆದರೂ ಯಾವ ಕುಲದ ಮುಖಂಡನ ಪಟ್ಟಿಯಲ್ಲಿ ರೊಟ್ಟಿ ಸುಟ್ಟವಳಿಗೆ ಇಷ್ಟು ಜಾಗ ಸಿಕ್ಕಿದೆ? ಇತಿಹಾಸವೇ ಬೇಕೆಂದರೆ 1381ಕ್ಕೆ ಹೋಗಿ. ಇಂಗ್ಲೆಂಡಿನಲ್ಲಿ ತಲೆಗಂದಾಯದ ವಿರುದ್ಧ ದಂಗೆ ಎದ್ದ ರೈತರ ಮುಂದಾಳು ವಾಟ್ ಟೈಲರ್. ಟೈಲರ್ ಎಂದರೆ ಹೆಂಚು ಹೊದಿಸುವವನು.

ನಿಮ್ಮೊಬ್ಬರನ್ನೇ ಗದರಿ ಫಲವಿಲ್ಲ. ನಮ್ಮ ಕಚೇರಿಗೆ ಬರುವ ವಂಶಚರಿತ್ರೆಗಳನ್ನು ನೋಡಬೇಕು: ತೆರೆದಲ್ಲೆಲ್ಲ ದಂಡನಾಯಕರು, ದಿವಾನರು. ಅಪ್ಪಿತಪ್ಪಿಯೂ ಒಬ್ಬ ಅಜ್ಜ ಚಪ್ಪಲಿ ಹೊಲಿದಿರುವುದಿಲ್ಲ, ಒಬ್ಬ ಅಜ್ಜಿ ಮಡಕೆ ಮಾರಿರುವುದಿಲ್ಲ. ಇಷ್ಟೊಂದು ದಂಡನಾಯಕರಿಗೆ ಅನ್ನ ಬೇಯಿಸಿದವರು ಮಕ್ಕಳನ್ನೇ ಹಡೆಯಲಿಲ್ಲವೇ? ಪ್ರವಾಸಿ ಕೈಪಿಡಿಗಳ ಹಣೆಬರಹವೂ ಇದೇ. ಕೋಟೆಗೆ ನಾಲ್ಕು ಪುಟ, ಗಿರಣಿಗೆ ನಾಲ್ಕು ಸಾಲೂ ಇಲ್ಲ.

ಲಾಂಛನದ ದುಡ್ಡು ಉಳಿಸಿ. ಲಾಂಛನ ಅಡ್ಡಹೆಸರಿಗೆ ಸೇರಿದ್ದೇ ಅಲ್ಲ. ಸ್ಕಾಟ್ಲೆಂಡಿನಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿ ಅದನ್ನು ಕೊಡುವುದು ಒಬ್ಬೊಬ್ಬ ವ್ಯಕ್ತಿಗೆ. ಅಂಗಡಿಯವರು ಮಾರುವುದು ಎಂದೋ ಯಾವನೋ ಒಬ್ಬ ವಾಕರ್ ಪಡೆದದ್ದನ್ನು. ಮೊಮ್ಮಗನಿಗೆ ಒಳ್ಳೆಯ ಉಣ್ಣೆಯ ಕೋಟು ಕೊಡಿಸಿ. ಗ್ಲಾಸ್ಗೋದಲ್ಲಿ ಮಳೆ ಜಾಸ್ತಿ.